ಹಗ್ಗದ ಗುರುತಿದ್ದ ಕುರ್ಚಿ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಗಂಟೆಯ ಸದ್ದಿಗಿಂತ ಗರಗಸದ ಸದ್ದೇ ಹೆಚ್ಚು.

ಮಠಕ್ಕೆ ಹೊಲವಿರಲಿಲ್ಲ, ಹೇಳಿಕೊಳ್ಳುವಂಥ ಶ್ರೀಮಂತ ಭಕ್ತರೂ ಇರಲಿಲ್ಲ. ಹಿಂದಿನ ಅಂಗಳದಲ್ಲಿ ತಗಡಿನ ಶೆಡ್ಡೊಂದಿತ್ತು. ಅಲ್ಲಿ ಕುರ್ಚಿ, ಮೇಜು, ಕಪಾಟು ತಯಾರಾಗುತ್ತಿದ್ದವು. ಮಠದ ಒಲೆಯೂ ಬಡಿಗೇರರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತಿದ್ದವು.

ಮಠದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ. ಆದರೆ ಒಂದು ನೇಮ ಮಾತ್ರ ತಪ್ಪಿಸುತ್ತಿರಲಿಲ್ಲ. ಶೆಡ್ಡಿನಿಂದ ಹೊರಗೆ ಹೋಗುವ ಪ್ರತಿ ಕುರ್ಚಿಯ ಮೇಲೂ ಒಂದಿಷ್ಟು ಹೊತ್ತು ಕೂತು, ಆಮೇಲೆ ಅದನ್ನು ಬೋರಲು ಹಾಕಿ ನೋಡುತ್ತಿದ್ದರು.

“ಬೋರಲು ಹಾಕಿ ಏನ ನೋಡ್ತೀರಿ ಅಜ್ಜಾರ?” ಎಂದು ಯಾರಾದರೂ ಕೇಳಿದರೆ, “ಮಂದಿಗೆ ಕಾಣೂ ಕಡೆ ಮಂದಿ ನೋಡ್ತಾರ. ಕಾಣದ ಕಡೆ ನಾ ನೋಡ್ತೀನಿ” ಎನ್ನುತ್ತಿದ್ದರು.

ಅವರ ಶಿಷ್ಯ ಅಡಿವೇಶ. ತಂದೆತಾಯಿ ಇಲ್ಲದ ಕೂಸಾಗಿ ಮಠಕ್ಕೆ ಬಂದವನು. ಅಜ್ಜಾರು ಸಾಕಿದರು, ಓದಿಸಿದರು, ಹುಬ್ಬಳ್ಳಿಗೆ ಕಳಿಸಿ ಕಾಸ್ಟಿಂಗ್, ಅಂದರೆ ತಯಾರಿಕೆಯ ಖರ್ಚಿನ ಲೆಕ್ಕ, ಕಲಿಸಿದರು. ಓದು ಮುಗಿದ ಮೇಲೆ ಪಟ್ಟಣದ ನೌಕರಿಯ ಆಸೆ ಬಿಟ್ಟು ಅವನು ಮಠಕ್ಕೇ ಮರಳಿದ. ಶೆಡ್ಡನ್ನು ಉಳಿಸಬೇಕು ಎಂಬುದೊಂದೇ ಅವನ ಆಸೆ.

ಉಳಿಸಬೇಕಾದ ಸ್ಥಿತಿಯೂ ಬಂದಿತ್ತು. ಹಿಂದಿನ ವರ್ಷ ಅಜ್ಜಾರು ಒಂದು ಶಾಲೆಗೆ ಅಂದಾಜಿನ ಮೇಲೆ ದರ ಹೇಳಿಬಿಟ್ಟಿದ್ದರು. ಮರ ಅಂದಾಜನ್ನು ಮೀರಿತು, ಹೊತ್ತೂ ಮೀರಿತು. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿ ಅವರಿಗಿಲ್ಲ. ಆ ವರ್ಷ ಎಲ್ಲರ ರೊಟ್ಟಿಯೂ ತೆಳ್ಳಗಾಯಿತು.

“ತಮ್ಮಾ, ಒಂದು ಕುರ್ಚಿಗೆ ಎಷ್ಟು ಹೋಗ್ತೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಹೆಂಗ ತಿಳ್ಕೋಬೇಕು?”

“ಮಾಡೂ ಮೊದಲ ಒಂದು ಅಳತಿ ಇಡಬೇಕ್ರಿ. ಇಷ್ಟು ಮರ, ಇಷ್ಟು ಹೊತ್ತು, ಇಷ್ಟು ಪಾಲಿಶ್ ಹೋಗಬೇಕು ಅಂತ. ಮಾಡಿದ ಮ್ಯಾಲೆ ಖರೇ ಎಷ್ಟು ಹೋತು ಅಂತ ನೋಡಬೇಕು.”

“ಎರಡೂ ಒಂದ ಆಗದಿದ್ರ?”

“ನಡುವ ಫರಕು ಬರತೈತಿ. ಫರಕು ಕಂಡ್ರ ಎಲ್ಲಿ ಸೋರಾಕತ್ತೈತಿ ತಿಳೀತೈತಿ. ಅಳತಿ ಗಟ್ಟಿ ಇದ್ರ ನಿಮ್ಮ ಮಾತೂ ಗಟ್ಟಿ.”

“ಛಲೋ ವಿದ್ಯಾ ಐತಿ,” ಎಂದರು ಅಜ್ಜಾರು. “ಇಡು.”

ಅಡಿವೇಶ ಅಟ್ಟ ಹತ್ತಿ ಮರವನ್ನೆಲ್ಲ ಜಾಲಾಡಿದ. ಒಂದು ಸಾಗವಾನಿ ಹಲಗೆ ಆರಿಸಿದ. ನೆಟ್ಟಗಿನ ಎಳೆ, ಒಂದೂ ಗಂಟಿಲ್ಲ, ಬಿರುಕಿಲ್ಲ. ಅದನ್ನು ಮೌನೇಶಪ್ಪನ ಮುಂದಿಟ್ಟ.

ಮೌನೇಶಪ್ಪ ಶೆಡ್ಡಿನಲ್ಲಿ ಹಿರಿಯ. ಅವನು ಹಲಗೆಯ ಮೇಲೆ ಅಂಗೈ ಆಡಿಸಿದ.

“ಇಂಥಾ ಹಲಗಿ ಎಂದರ ಒಮ್ಮೆ ಬರತೈತಿ ತಮ್ಮಾ.”

ಅಡಿವೇಶ ಅದನ್ನು ಹೊಗಳಿಕೆ ಎಂದುಕೊಂಡ. ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತ. ಅವನು ನಿಂತಿದ್ದಾನೆಂದು ಮೌನೇಶಪ್ಪ ಚಹಾಕ್ಕೂ ಏಳಲಿಲ್ಲ. ಸಂಜೆಗೆ ಕುರ್ಚಿ ಎದ್ದು ನಿಂತಿತು, ನೋಡಿದರೆ ದೃಷ್ಟಿ ತಾಗಬೇಕು.

ಶೆಡ್ಡಿನ ಗೋಡೆಯ ಕರಿಹಲಗೆಯ ಮೇಲೆ ಅಡಿವೇಶ ಅಳತೆ ಬರೆದ. ಮರ ಇಷ್ಟು, ಹೊತ್ತು ಇಷ್ಟು, ಪಾಲಿಶ್ ಇಷ್ಟು. ಎಲ್ಲದರ ಮೇಲೆ ದಪ್ಪ ಅಕ್ಷರದಲ್ಲಿ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದೂ ಬರೆದ.

ಅಜ್ಜಾರು ಕುರ್ಚಿಯ ಮೇಲೆ ಕೂತರು. ಬೋರಲು ಹಾಕಿ ನೋಡಿದರು.

“ಭೇಷ್ ಆಗೇತಿ. ನಾಳೆ ಮರದಾಗ ಗಂಟು ಬಂದ್ರ?”

“ಗಂಟಿಲ್ಲದ ಮರ ತರೋಣ್ರಿ ಅಜ್ಜಾರ.”

“ಅಂಥಾ ಅಡವಿ ಎಲ್ಲೈತಿ, ಕೇಳ್ಕೊಂಡು ಬಾ.”

ಅಡಿವೇಶ ನಕ್ಕ. ಅಜ್ಜಾರ ಮಾತಿನಲ್ಲಿ ಚೇಷ್ಟೆ ಯಾವುದು, ಪಾಠ ಯಾವುದು ಎಂದು ತಿಳಿಯುವುದೇ ಕಷ್ಟ. ತಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಮರುದಿನದಿಂದ ಅಳತೆಯಂತೆ ಕೆಲಸ. ಅಟ್ಟದ ಕೀಲಿ ಅಡಿವೇಶನ ಸೊಂಟದಲ್ಲಿ. ಬೆಳಿಗ್ಗೆ ಗಂಟೆ ಬಾರಿಸಿದ ಮೇಲೆ ಅಳೆದು ಮರ ಕೊಡುವುದು, ಸಂಜೆ ಗಂಟೆಗೆ ಕೆಲಸ ನಿಲ್ಲಿಸಿ ಫರಕು ಬರೆಯುವುದು.

ಫರಕು ಬಂತು. ಒಂದು ದಿನ ಮರ ಹೆಚ್ಚು ಹೋಯಿತು, ಇನ್ನೊಂದು ದಿನ ಹೊತ್ತು ಹೆಚ್ಚು ಹಿಡಿಯಿತು.

ಅಡಿವೇಶ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳ ತಿಂದವರು ಮನೆಗೆ ಹೋಗಿ ತಿರುಗಿ ಬೈದುಕೊಂಡು ಹಗುರಾಗುತ್ತಾರೆ. ಇವನು ಬಳಪ ಕೆಳಗಿಟ್ಟು, ಊಟದ ಪಂಕ್ತಿಗೆ ಬರದೆ, ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ.

“ಯಾಕೋ, ಉಣ್ಣಾಕ ಬರಲಿಲ್ಲ?” ಎಂದರು ಅಜ್ಜಾರು.

“ಫರಕು ಬಂತ್ರಿ. ಅಳತಿ ಇಟ್ಟಾಂವ ನಾನು. ಅದಕ್ಕ ಪ್ರಾಯಶ್ಚಿತ್ತ ಮಾಡ್ಕೊಳ್ಳಾಕತ್ತೀನಿ.”

ಅಜ್ಜಾರು ಅವನ ತಲೆ ನೇವರಿಸಿ ಸುಮ್ಮನೆ ಹೋದರು.

ಅದೇ ಅವನ ನೇಮವಾಯಿತು. ಫರಕು ಬಂದ ದಿನ ಉಪವಾಸ. ಮಠದಲ್ಲಿ ಇಂಥ ಸುದ್ದಿ ಮುಚ್ಚಿಟ್ಟರೆ ಮುಚ್ಚುತ್ತದೆಯೇ? ಅಡುಗೆಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಬಡಿಗೇರರ ಮನೆಗೆ ಹೋಯಿತು. ಅಡಿವೇಶ ಅವರೆಲ್ಲರ ಕಣ್ಣೆದುರು ಬೆಳೆದ ಹುಡುಗ. ಅವನು ಸೊರಗಿದ್ದನ್ನು ಎಲ್ಲರೂ ನೋಡಿದರು.

ಆಮೇಲೆ ನಿಧಾನವಾಗಿ ಫರಕು ಇಳಿಯತೊಡಗಿತು. ಒಂದು ಸಂಜೆ ಹಲಗೆಯ ಮೇಲೆ ಸೊನ್ನೆ ಬಂತು. ಮರುದಿನವೂ ಸೊನ್ನೆ, ಅದರ ಮರುದಿನವೂ ಸೊನ್ನೆ.

ಅಡಿವೇಶ ಹೊಟ್ಟೆ ತುಂಬ ಉಂಡ. ಅವನ ಮುಖ ಮತ್ತೆ ಗೆಲುವಾಯಿತು.

“ನೋಡ್ರಿ ಅಜ್ಜಾರ, ಅಳತಿ ಹೆಂಗ ಕೂತೈತಿ. ಇವತ್ತಂತೂ ಪಾಲಿಶ್ ಅಳತಿಗಿಂತ ಕಡಿಮಿ ಹೋಗೇತಿ. ಉಳಿತಾಯ.”

“ಯಾರು ಉಳಿಸಿದ್ರು?”

“ಫಕೀರವ್ವ. ಪಾಲಿಶ್ ಅಕಿದ ಅಲ್ರಿ.”

“ಹೆಂಗ ಉಳಿಸಿದ್ಲು, ಕೇಳಿದ್ಯಾ?”

“ಹೆಚ್ಚು ಹೋದ್ರ ಕೇಳಬೇಕು. ಉಳದದ್ದಕ್ಕ ಏನ ಕೇಳೋದ್ರಿ?”

ಅಜ್ಜಾರು ಹೊಳೆಯ ಕಡೆ ಕೈ ತೋರಿಸಿದರು.

“ಹೊಳಿ ನೀರು ದಿನಾ ಒಂದ ಮಟ್ಟಕ್ಕ ನಿಂತ್ರ ಏನ ತಿಳೀಬೇಕು?”

“ಹೊಳಿ ಶಾಂತ ಐತಿ ಅಂತ.”

“ಮ್ಯಾಲೆ ಎಲ್ಲೋ ಯಾರೋ ಒಡ್ಡು ಹಾಕ್ಯಾರ ಅಂತ.”

ಅಡಿವೇಶನಿಗೆ ಸ್ವಲ್ಪ ಬೇಸರವಾಯಿತು. ಇಷ್ಟು ಕಷ್ಟಪಟ್ಟು ತಂದ ಸೊನ್ನೆಗೆ ಒಂದು ಒಳ್ಳೆಯ ಮಾತು ಹೇಳಬಾರದೇ ಎಂದುಕೊಂಡ.

ಆ ವಾರ ಪಟ್ಟಣದ ಕಾಲೇಜಿನ ಕಾರ್ಯದರ್ಶಿ ಬಂದರು. ಹೊಸ ಕಟ್ಟಡಕ್ಕೆಲ್ಲ ಕುರ್ಚಿ ಬೇಕಾಗಿತ್ತು. ಒಪ್ಪಿದರೆ ಶೆಡ್ಡಿಗೆ ವರ್ಷವಿಡೀ ಕೆಲಸ.

“ದರ ಹೇಳ್ರಿ ಅಜ್ಜಾರ. ನೀವು ಒಂದು ಮಾತು ಹೇಳಿದ್ರ ನಮಗ ಕಾಗದಪತ್ರ ಬ್ಯಾಡ.”

“ಗುರುವಾರ ಬರ್ರಿ,” ಎಂದರು ಅಜ್ಜಾರು.

ಅವರು ಹೋದ ಮೇಲೆ ಅಡಿವೇಶ ಕೇಳಿದ. “ಯಾಕ್ರಿ ಗುರುವಾರ? ದರ ಹಲಗಿ ಮ್ಯಾಲ ಐತಲ್ಲ. ಸೊನ್ನಿ ಫರಕು. ಇದಕ್ಕಿಂತ ಗಟ್ಟಿ ಲೆಕ್ಕ ಎಲ್ಲಿ ಸಿಗತೈತಿ?”

“ಕಳಿಸೂ ಮೊದಲ ಕೂತು ನೋಡಬೇಕಲ್ಲಪ್ಪಾ.”

“ಕುರ್ಚಿ ಮ್ಯಾಲೇನ್ರಿ?”

“ಕುರ್ಚಿ ಮ್ಯಾಲೂ ಕೂಡ್ರತೀನಿ,” ಎಂದರು ಅಜ್ಜಾರು.

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಬಡಿಗೇರರು ಉಳಿ ಮುಟ್ಟುವುದಿಲ್ಲ. ಶೆಡ್ಡು ಸುಮ್ಮನಿತ್ತು. ಕಾಲೇಜಿಗೆ ಮಾದರಿಯಾಗಿ ತೋರಿಸಲು ಇಟ್ಟಿದ್ದ ಕುರ್ಚಿಗಳ ಹತ್ತಿರ ಅಜ್ಜಾರು ಬಂದರು. ಒಂದೊಂದರ ಮೇಲೂ ಕೂತರು, ಒಂದೊಂದನ್ನೂ ಬೋರಲು ಹಾಕಿದರು. ಕೊನೆಯದನ್ನು ಬೋರಲು ಹಾಕಿದವರು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ತಮ್ಮಾ, ಇಲ್ಲಿ ಬಾ. ಈ ಪಟ್ಟಿ ಎಲ್ಲೀದು?”

ಕೂರುವ ಹಲಗೆಯ ಕೆಳಗೆ ಒಂದು ಅಡ್ಡಪಟ್ಟಿ. ಯಾರಿಗೂ ಕಾಣದ ಅದರ ಒಳಮೈಯಲ್ಲಿ ಸಾಲಾಗಿ ಸವೆದ ಗೆರೆಗಳಿದ್ದವು. ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಉಜ್ಜಿ ಬೀಳುತ್ತವಲ್ಲ, ಹಾಗೆ.

“ನಮ್ಮ ಅಟ್ಟದ್ದ ಇರಬೇಕ್ರಿ. ಕೀಲಿ ನನ್ನ ಕಡೆನ ಐತಿ.”

“ನಿಮ್ಮ ಅಟ್ಟದ ಸಾಗವಾನಿ ಅಡವ್ಯಾಗ ಹಗ್ಗ ಸುತ್ಕೊಂಡ ಬೆಳೀತೈತೇನು?”

ಅಡಿವೇಶ ಬಗ್ಗಿ ಗೆರೆಗಳ ಮೇಲೆ ಬೆರಳಾಡಿಸಿದ. ಈ ಗೆರೆಗಳನ್ನು ಹಿಂದೆ ಎಲ್ಲೋ ಮುಟ್ಟಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಮಾತ್ರ ನೆನಪಾಗಲಿಲ್ಲ.

“ಮೌನೇಶಪ್ಪನ ಮನಿಗೆ ಹೋಗೋಣ ನಡಿ,” ಎಂದರು ಅಜ್ಜಾರು. “ಅವನ ಮನಿ ಚಹಾ ಕುಡದು ಭಾಳ ದಿನ ಆತು.”

ಅಜ್ಜಾರು ಬಾಗಿಲಿಗೆ ಬಂದದ್ದು ನೋಡಿ ಮೌನೇಶಪ್ಪನ ಹೆಂಡತಿ ಕಾಳವ್ವ ಗಡಬಡಿಸಿದಳು. ಗುರುಗಳು ಮನೆಗೆ ಬಂದರೆ ಪಡಸಾಲೆಯಲ್ಲಿ ಹೊರಸು ಹಾಕಿ, ಅದರ ಮೇಲೆ ಕಂಬಳಿ ಹಾಸಿ ಕೂರಿಸುವುದು ಆ ಕಡೆಯ ರೀತಿ. ಹೊರಸು ಅಂದರೆ ಹಗ್ಗ ಹೆಣೆದ ಮಂಚ. ಅವಳು ಕಂಬಳಿ ತಂದಳು. ಮೂಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಅದನ್ನು ನೆಲಕ್ಕೇ ಹಾಸಿದಳು.

“ಇವತ್ತು ನೆಲದ ಮ್ಯಾಲ ಕುಂದ್ರಬೇಕ್ರಿ ಅಜ್ಜಾರ. ತಪ್ಪು ತಿಳ್ಕೋಬ್ಯಾಡ್ರಿ.”

“ತಪ್ಪು ತಿಳ್ಕೊಂಡ್ರ ನೆಲಾ ತಿಳ್ಕೋಬೇಕು. ಭಾರ ಬೀಳೋದು ಅದರ ಮ್ಯಾಲ,” ಎನ್ನುತ್ತ ಅಜ್ಜಾರು ಕೂತರು.

ಅಡಿವೇಶ ಕೂರಲಿಲ್ಲ. ಮೂಲೆಯಲ್ಲಿ ಸಾರಿಸಿದ ನೆಲದ ಮೇಲೆ ಹೊರಸಿನ ನಾಲ್ಕು ಕಾಲುಗಳ ಗುಳಿ ಹಾಗೇ ಇದ್ದವು. ಮೇಲೆ ಗೂಟಕ್ಕೆ ಹೊರಸಿನ ಹಗ್ಗವನ್ನು ಸುತ್ತಿ ತೂಗುಹಾಕಿದ್ದರು.

“ಚಿಗವ್ವಾ, ಹೊರಸು ಎಲ್ಲೈತಿ?”

“ಅದು ಹಳೇದಾಗಿತ್ತೋ ತಮ್ಮಾ. ಬಿಚ್ಚಿ ಇಟ್ಟೇವಿ.”

“ಎಲ್ಲಿ ಇಟ್ಟೀರಿ?”

ಕಾಳವ್ವ ಗಂಡನ ಮುಖ ನೋಡಿದಳು. ಮೌನೇಶಪ್ಪ ತನ್ನ ಹೆಬ್ಬೆರಳಿನ ಉಗುರು ನೋಡುತ್ತ ಕೂತಿದ್ದ.

“ಮೌನೇಶಪ್ಪ,” ಎಂದರು ಅಜ್ಜಾರು, ಮೆಲ್ಲಗೆ. “ನಿನ್ನ ಹೊರಸಿನ ಮ್ಯಾಲ ಇನ್ನ ಮುಂದ ಕಾಲೇಜಿನ ಮಾಸ್ತರು ಕುಂದ್ರಾವ್ರು. ಹೌದಲ್ಲೋ?”

ಮೌನೇಶಪ್ಪ ಉಗುರಿನಿಂದ ಕಣ್ಣೆತ್ತಿದ.

“ಪಟ್ಟಿಗೆ ಗಂಟು ಬಂತ್ರಿ ಅಜ್ಜಾರ. ಉಳಿ ಹಚ್ಚಿದ ಕೂಡಲೇ ಸೀಳ್ತು. ಎರಡು ಮೂರು ಸಲ ಹಂಗ ಆತು.”

“ಬ್ಯಾರೆ ತುಂಡು ಕೇಳಬೇಕಿತ್ತಲ್ಲ ಕಾಕಾ,” ಎಂದ ಅಡಿವೇಶ. “ಅಟ್ಟದಾಗ ಮರ ಐತಿ. ನಾ ಕೊಡತಿದ್ದೆ.”

“ನೀ ಕೊಡತಿದ್ದಿ. ಸಂಜಿಕೆ ಹಲಗಿ ಮ್ಯಾಲ ಫರಕು ಬರತಿತ್ತು.”

“ಬಂದ್ರ ಬರತಿತ್ತು.”

ಕಾಳವ್ವನಿಗೆ ತಡೆಯಲಾಗಲಿಲ್ಲ. “ಬಂದ್ರ ನೀ ಉಣತಿದ್ದಿಲ್ಲಲ್ಲೋ ನನ್ನಪ್ಪಾ,” ಎಂದಳು. “ನೀ ಉಪವಾಸ ಬಿದ್ದ ದಿನ ಇವರ ಗಂಟಲದಾಗ ರೊಟ್ಟಿ ಇಳೀತಿದ್ದಿಲ್ಲ. ತಾಟಿನ ಮುಂದ ಕುಂತು ಹಂಗ ಏಳತಿದ್ರು. ನಾನ ಅಂದೆ, ಆ ಹೊರಸು ಬಿಚ್ಚ್ರಿ ಅಂತ. ಸಣ್ಣಾವಿದ್ದಾಗ ಜ್ವರಾ ಬಂದು ಅದರ ಮ್ಯಾಲ ಮಲಗಿ ಉಳಕೊಂಡ ಕೂಸು. ಹೊರಸು ಇನ್ನೊಮ್ಮೆ ಅದ ಕೂಸಿನ ಉಪಯೋಗಕ್ಕ ಬಂದ್ರ ಅದಕ್ಕಿಂತ ಪುಣ್ಯೇ ಏನೈತಿ ಅಂದೆ.”

ಅಡಿವೇಶನಿಗೆ ಆಗ ನೆನಪಾಯಿತು. ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿ, ಕೈ ಇಳಿಬಿಟ್ಟು, ಹೊರಸಿನ ಪಟ್ಟಿಯ ಗೆರೆಗಳನ್ನು ಬೆರಳಿನಿಂದ ಸವರುತ್ತಿದ್ದ. ಹಣೆಯ ಮೇಲೆ ಕಾಳವ್ವನ ಒದ್ದೆ ಬಟ್ಟೆ ಇರುತ್ತಿತ್ತು.

ಅವನಿಗೆ ಅಳು ಬಂತು. ಮುಚ್ಚಿಕೊಳ್ಳಲೂ ಹೋಗಲಿಲ್ಲ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ಆ ಮನೆ ನೋಡಿರಲಿಲ್ಲ.

“ಅಳಬ್ಯಾಡೋ,” ಎಂದ ಮೌನೇಶಪ್ಪ. “ನೆಲದ ಮ್ಯಾಲ ನಿದ್ದಿ ಛಲೋ ಬರತೈತಿ.” ಹಾಗೆಂದು ಏಳಲು ಹೋಗಿ, ಸೊಂಟ ಹಿಡಿದುಕೊಂಡು, ಗೋಡೆಗೆ ಕೈ ಊರಿದ.

ಚಹಾ ಕುಡಿದು ಇಬ್ಬರೂ ಹೊಳೆಯ ದಂಡೆಗುಂಟ ಮರಳಿದರು. ಮಠ ಕಾಣಿಸಿದಾಗ ಅಡಿವೇಶ ನಿಂತ.

“ಅಜ್ಜಾರ, ಹೋದ ಕೂಡಲೇ ಆ ಹಲಗಿ ಒರಸಿಬಿಡ್ತೀನಿ. ಅಳತೀನೂ ಬ್ಯಾಡ, ಫರಕೂ ಬ್ಯಾಡ.”

“ಒರಸು. ಗುರುವಾರ ಕಾರ್ಯದರ್ಶಿಗೆ ಏನ ಹೇಳಲಿ? ಮತ್ತ ಅಂದಾಜ ಹೇಳಲೇನು?”

ಅಡಿವೇಶ ಕಾಲಿನಿಂದ ಒಂದು ಹರಳನ್ನು ಹೊಳೆಗೆ ನೂಕಿದ.

“ಹಲಗಿ ಮ್ಯಾಲಿದ್ದದ್ದ ಹೇಳಲೇನು?”

“ಬ್ಯಾಡ್ರಿ.” ಅಡಿವೇಶ ಬೆಚ್ಚಿದ. “ಆ ದರಕ್ಕ ಮಾತು ಕೊಟ್ರ ವರ್ಷಾನಗಟ್ಟಲೆ ಎಲ್ಲಾರೂ ಮನಿ ಬಿಚ್ಚಿ ಬಿಚ್ಚಿ ಕುರ್ಚಿ ಮಾಡಬೇಕಾಗತೈತಿ.”

“ತಿಳೀತಲ್ಲ.”

“ನನ್ನ ವಿದ್ಯಾನ ತಪ್ಪು ಅಜ್ಜಾರ.”

ಅಜ್ಜಾರು ದಂಡೆಯ ಕಲ್ಲಿನ ಮೇಲೆ ಕೂತು, ಅವನನ್ನೂ ಪಕ್ಕಕ್ಕೆ ಕರೆದರು.

“ವೈದ್ಯ ನಾಡಿ ಹಿಡೀತಾನ. ನಾಡಿ ಜೋರ ಹೊಡ್ಯಾಕತ್ತಿತ್ತು ಅಂದ್ರ ವೈದ್ಯ ಉಪವಾಸ ಬೀಳ್ತಾನೇನು?”

“ಇಲ್ರಿ. ಔಷಧ ಕೊಡ್ತಾನ.”

“ವೈದ್ಯಗ ಬ್ಯಾಸರ ಆದೀತು ಅಂತ ರೋಗಿ ಉಸರ ಬಿಗಿಹಿಡದ್ರ?”

ಅಡಿವೇಶ ತಲೆ ತಗ್ಗಿಸಿದ.

“ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತ ಬರದೀ. ಛಲೋ ಮಾತು. ಅದನ್ನ ಓದಿ ಮೌನೇಶಪ್ಪ ಹಾಸಿಗೀನ ತಂದುಕೊಟ್ಟ.”

ಹೊಳೆಯ ನೀರು ಕಲ್ಲಿಗೆ ಬಡಿಯುತ್ತಿತ್ತು. ಅದನ್ನು ನೋಡುತ್ತಲೇ ಅಜ್ಜಾರು ಮತ್ತೆ ಹೇಳಿದರು.

“ತಪ್ಪು ನಂದೂ ಐತಿ. ನೀ ಉಣದ ಎದ್ದದ್ದು ನಾ ನೋಡಿದೆ. ನನ್ನ ಶಿಷ್ಯಗ ವೈರಾಗ್ಯ ಬಂತು ಅಂತ ಒಳಗೊಳಗ ಹಿಗ್ಗಿದೆ. ಕುರ್ಚಿ ಬೋರಲು ಹಾಕಿ ನೋಡಾಂವ, ನಿನ್ನ ಬೋರಲು ಹಾಕಿ ನೋಡಲಿಲ್ಲ.”

ಅಡಿವೇಶ ಅಳುತ್ತಲೇ ನಕ್ಕ.

ಮರುದಿನ ಗಂಟೆಗೆ ಮುಂಚೆ ಅಜ್ಜಾರು ಅಡಿವೇಶನೊಡನೆ ಶೆಡ್ಡಿಗೆ ಬಂದರು. ಗರಗಸದ ಹುಸೇನಸಾಬ ಆಗಲೇ ಕೆಲಸದಲ್ಲಿದ್ದ. ಅವರನ್ನು ಕಂಡು ಗರಗಸ ಬಿಟ್ಟು ಎದ್ದು ನಿಂತ.

“ಗಂಟಿ ಆಗಿಲ್ಲಲ್ಲೋ ಹುಸೇನಸಾಬ?”

“ನಮಾಜ್ ಮುಗದ ಮ್ಯಾಲೆ ಮನ್ಯಾಗ ಕುಂತು ಏನ ಮಾಡ್ಲಿ ಅಂತ ಬಂದೀನ್ರಿ.”

“ದಿನಾ ಬರ್ತೀ?”

ಅವನು ಅಡಿವೇಶನ ಕಡೆ ಓರೆಗಣ್ಣಲ್ಲಿ ನೋಡಿ, ತಲೆ ಕೆರೆದುಕೊಂಡ. ಗಂಟೆಗೆ ಮುಂಚಿನ ಹೊತ್ತು ಹಲಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಫಕೀರವ್ವ ಬಂದಳು. ಅಡಿವೇಶ ತಾನೇ ಅವಳ ಮುಂದೆ ಹೋಗಿ ಕೂತ.

“ಫಕೀರವ್ವಾ, ಪಾಲಿಶ್ ಹೆಂಗ ಉಳಿಸಿದಿ? ಅವತ್ತ ಕೇಳಬೇಕಿತ್ತು. ಇವತ್ತ ಕೇಳಾಕತ್ತೀನಿ.”

“ಮಠದ ಒರಸೂ ಅರಿವಿ ಪಾಲಿಶ್ ಭಾಳ ಕುಡೀತೈತಿ ತಮ್ಮಾ. ಮನ್ಯಾಗ ನನ್ನ ಬಾಣಂತನದ ಸೀರಿ ಇತ್ತು, ಮೆತ್ತಗಿಂದು. ಅದನ್ನ ಹರದು ತಂದೆ.” ಅವನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು. “ಇನ್ನ ಬಾಣಂತನ ಮಾಡಾವ್ರು ಯಾರಿದ್ದಾರ ಬಿಡು.”

ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಹೇಳಿದರು. ಮಠದ ಸಾಮಾನು ಮನೆಗೆ ಒಯ್ದ ಕಳ್ಳರನ್ನು ನಾವು ನೋಡಿದ್ದೇವೆ. ಮನೆಯ ಸಾಮಾನು ಮಠಕ್ಕೆ ಕದ್ದು ತಂದವರು ಇವರೇ ಇರಬೇಕು.

ಅಜ್ಜಾರು ತಮ್ಮ ಹೆಗಲ ಮೇಲಿನ ಶಾಲು ತೆಗೆದರು. ಅಡಿವೇಶನ ಕಣ್ಣಿಗೆ ಕಟ್ಟಿದರು. ಕೈ ಹಿಡಿದು ಅಟ್ಟ ಹತ್ತಿಸಿದರು.

“ಹಲಗಿ ಎಳಿ.”

“ಯಾವದ್ರಿ?”

“ಕೈಗೆ ಬಂದದ್ದು.”

ಅಡಿವೇಶ ತಡವಿ ತಡವಿ ಹಲಗೆಗಳನ್ನು ಎಳೆದ. ಕೆಳಗೆ ತಂದು ಕಣ್ಣು ಬಿಚ್ಚಿದಾಗ ಒಂದರಲ್ಲಿ ದೊಡ್ಡ ಗಂಟು, ಒಂದರ ಅಂಚು ಸೀಳಿತ್ತು. ಒಂದು ಚೆನ್ನಾಗಿಯೇ ಇತ್ತು. ಉಳಿದವು ಇದ್ದ ಹಾಗೆ ಇದ್ದವು.

“ಹೋದ ಸಲ ಕಣ್ಣ ತೆರದು ಆರಿಸಿದ್ದಿ,” ಎಂದರು ಅಜ್ಜಾರು. “ಈಗ ಇಡು ಅಳತಿ.”

ಈ ಸಲ ಒಬ್ಬರಲ್ಲ, ಎಲ್ಲರೂ ಕುರ್ಚಿ ಮಾಡಿದರು. ಗಂಟು ಬಂದಾಗ ಬೇರೆ ತುಂಡು ಕೇಳಿದರು. ಚಹಾಕ್ಕೆ ಎದ್ದರು. ಮೌನೇಶಪ್ಪ ನಡುವೆ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಅಂಗಳದಲ್ಲಿ ಅಡ್ಡಾಡಿ ಬಂದ. ಅಡಿವೇಶ ಎಲ್ಲವನ್ನೂ ಸೇರಿಸಿದ. ಒಳ್ಳೆಯ ಅರಿವೆಯ ಖರ್ಚನ್ನೂ ಹಿಡಿದ. ಹೊಸ ಅಳತೆ ಹಳೆಯದಕ್ಕಿಂತ ಸಾಕಷ್ಟು ಮೇಲಿತ್ತು. ಮೈಗಳ್ಳತನಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಹಾಗೆಂದು ಮೌನೇಶಪ್ಪನೇ ನೋಡಿ ಹೇಳಿದ.

ಗುರುವಾರ ಕಾರ್ಯದರ್ಶಿ ಬಂದರು. ಅಜ್ಜಾರು ದರ ಹೇಳಿದರು. ಅಡಿವೇಶ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ. ಈ ಕೆಲಸ ತಪ್ಪಿದರೆ ಶೆಡ್ಡಿನ ಬಾಗಿಲು ಎಷ್ಟು ದಿನ ತೆರೆದಿದ್ದೀತು ಎಂಬುದು ಅವನಿಗೆ ಗೊತ್ತಿತ್ತು.

“ಸ್ವಲ್ಪ ಹೆಚ್ಚಾತಲ್ರಿ ಅಜ್ಜಾರ,” ಎಂದರು ಕಾರ್ಯದರ್ಶಿ.

“ಮರದ ಗಂಟೂ ಹಿಡದು ಹೇಳೀನ್ರಿ.”

“ಕಡಿಮಿ ಆಗಾಂಗಿಲ್ಲೇನು?”

“ಆಗತೈತಿ. ಆದ್ರ ಆ ಕುರ್ಚಿ ಮ್ಯಾಲ ನನಗ ಕೂಡ್ರಾಕ ಆಗೂದಿಲ್ಲ.”

ಕಾರ್ಯದರ್ಶಿ ಲೆಕ್ಕ ಹಾಕಿದರು, ಗಡ್ಡ ತುರಿಸಿಕೊಂಡರು. ಕೊನೆಗೆ ಅರ್ಧದಷ್ಟು ಕುರ್ಚಿಗೆ ಒಪ್ಪಿದರು. ಉಳಿದರ್ಧ ಮುಂದೆ ನೋಡೋಣ ಎಂದರು. ಮುಂದೆ ನೋಡೋಣ ಎಂದವರು ಎಷ್ಟು ಸಲ ನೋಡಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಅರ್ಧ ಸಿಕ್ಕಿತಲ್ಲ ಎಂದು ಶೆಡ್ಡಿನವರೆಲ್ಲ ಬೆಲ್ಲ ಹಂಚಿಕೊಂಡರು.

ಹಗ್ಗದ ಗುರುತಿದ್ದ ಕುರ್ಚಿಯನ್ನು ಅಜ್ಜಾರು ಕಾಲೇಜಿಗೆ ಕಳಿಸಲಿಲ್ಲ. ಅದು ಅಡಿವೇಶನಿಗೆ ಬಂತು. ಈಗ ಅವನು ಲೆಕ್ಕ ಬರೆಯಲು ಕೂರುವುದು ಅದರ ಮೇಲೆಯೇ.

ಒಂದು ದಿನ ಅಡಿವೇಶ ಮೌನೇಶಪ್ಪನ ಬಳಿ ಬಂದ.

“ಕಾಕಾ, ಒಂದು ಹೊರಸು ಮಾಡಬೇಕು. ನಾನ ಮಾಡ್ತೀನಿ. ಹೇಳಿಕೊಡು.”

“ನಿನಗ ಉಳಿ ಹಿಡ್ಯಾಕ ಬರೂದಿಲ್ಲಲ್ಲೋ.”

“ಅದಕ್ಕ ಹೇಳಿಕೊಡು ಅನ್ನಾಕತ್ತೀನಿ.”

ಅವನು ಸುತ್ತಿಗೆಯಿಂದ ಉಳಿಗಿಂತ ಹೆಚ್ಚು ಸಲ ಬೆರಳಿಗೇ ಹೊಡೆದುಕೊಂಡ. ಒಂದು ಪಟ್ಟಿ ಗಿಡ್ಡವಾಯಿತು. ಇನ್ನೊಂದರಲ್ಲಿ ಗಂಟು ಬಂದು ಸೀಳಿತು. ಮೌನೇಶಪ್ಪ ನಗು ತಡೆಯಲು ಬೀಡಿ ಹಚ್ಚುವ ನೆಪದಲ್ಲಿ ಎರಡು ಸಲ ಹೊರಗೆ ಹೋಗಿ ಬಂದ. ಸಂಜೆಯ ಗಂಟೆಯಾದರೂ ಹೊರಸಿಗೆ ಎರಡೇ ಕಾಲು ಬಂದಿದ್ದವು.

ಎಲ್ಲರೂ ಕೈ ತೊಳೆದು ಪಂಕ್ತಿಗೆ ಹೋದರು. ಅಡಿವೇಶ ಬಳಪ ಹಿಡಿದು ಕರಿಹಲಗೆಯ ಮುಂದೆ ನಿಂತ. ಬರೆದ. ಬರೆದದ್ದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ.

ಅಜ್ಜಾರು ಬಾಗಿಲಿಗೆ ಬಂದರು.

“ಇವತ್ತು ಫರಕು ಬಂತೇನು?”

“ಬಂತ್ರಿ ಅಜ್ಜಾರ. ಈ ಹಲಗಿ ಮ್ಯಾಲ ಇಷ್ಟು ದೊಡ್ಡ ಫರಕು ಎಂದೂ ಬಂದಿಲ್ಲ.”

“ಯಾರದು?”

“ನಂದ.”

“ಬರದ್ಯಾ?”

“ಇದ್ದದ್ದು ಇದ್ದಂಗ ಬರದೀನ್ರಿ.”

“ಹಂಗಾರ ಕೈ ತೊಳಕೊಂಡು ಬಾ. ರೊಟ್ಟಿ ಆರಾಕತ್ತಾವ.”